ಮದನಪುರದ ಅಡ್ಡಾ, ಧಾರಾವಿಯ ದಾರ

2023ರ ಮಾರ್ಚ್ 30ರ ರಾತ್ರಿ ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಎದುರಿನ ಅಂಗಳದಲ್ಲಿ ಪ್ಯಾರಿಸ್ಸಿನ ಡಿಯೋರ್ ಕಂಪನಿ ತನ್ನ ಹೊಸ ಉಡುಪುಗಳ ಪ್ರದರ್ಶನ ನಡೆಸಿತು. ಅಲ್ಲಿ ಕಟ್ಟಿದ್ದ ಭಾರೀ ತೋರಣ ಇದೇ ಊರಿನ ಚಾಣಕ್ಯ ಕಸೂತಿ ಶಾಲೆಯವರ ಕೈಕೆಲಸ. ಯುರೋಪಿನ ದೊಡ್ಡ ಫ್ಯಾಷನ್ ಕಂಪನಿಗಳು ದಶಕಗಳಿಂದ ಮುಂಬೈಯಲ್ಲಿ ಕಸೂತಿ ಹಾಕಿಸುತ್ತ ಬಂದಿದ್ದರೂ ಉಡುಪಿನ ಕೊರಳಪಟ್ಟಿಯ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಅದನ್ನು ಹೊಲಿದು ಮುಗಿಸಿದ ದೇಶದ ಹೆಸರು. ಆ ರಾತ್ರಿ ಮಾತ್ರ ಮುಂಬೈಯ ಕಸೂತಿಗಾರರಿಗೆ ಜಗತ್ತಿನ ಕಣ್ಣೆದುರು ಗೌರವ ಸಂದಿತು. ಅದು ಸಲ್ಲಬೇಕಾದ ಗೌರವವೇ.

ಆದರೆ ಒಳ್ಳೆಯ ಬೆಳಕು, ತರಬೇತಿ, ತಿಂಗಳ ಸಂಬಳ ಇರುವ ಶಾಲೆಗಳು ಈ ಕಸುಬಿನ ಒಂದು ತುದಿ. ಇನ್ನೊಂದು ತುದಿ ಎಲ್ಲಿದೆ, ಅಲ್ಲಿ ಕೂತವರ ಕೂಲಿಯ ಲೆಕ್ಕ ಹೇಗೆ ನಡೆಯುತ್ತದೆ ಎಂದು ನೋಡುವ ಆಸೆಯಿಂದ ನಾನು ಮುಂಬೈಗೆ ಹೋದೆ. ಮಾಟುಂಗದ ಬಂಧುಗಳ ಮನೆಯಲ್ಲಿ ಇಳಿದುಕೊಂಡು, ಬೆಳಿಗ್ಗೆ ಲೋಕಲ್ ಹತ್ತಿ ಭಾಯಖಳಾದಲ್ಲಿ ಇಳಿದೆ. ಅಲ್ಲಿಂದ ನಾಗಪಾಡಾದ ಕಡೆ ನಡೆದರೆ ಮದನಪುರ.

ಗಲ್ಲಿಯ ಎರಡೂ ಬದಿಗೆ ಬ್ಯಾಗು ಹೊಲಿಯುವವರು, ಜರಿ ಮಾರುವವರು, ಕೀಮಾ ಪಾವ್ ಹೋಟೆಲುಗಳು, ಕೈಗಾಡಿ ಎಳೆಯುವವರು. ಜರಿ ಕಾರ್ಖಾನೆಗಳು ರಸ್ತೆಯ ಮಟ್ಟದಲ್ಲಿ ಕಾಣುವುದಿಲ್ಲ. ಪರಿಚಿತರೊಬ್ಬರ ಜತೆ ಕಬ್ಬಿಣದ ಏಣಿಯಂಥ ಮೆಟ್ಟಿಲು ಹಿಡಿದು ಹತ್ತಿದಾಗ ತಲೆ ತಾಗುವಷ್ಟು ತಗ್ಗಿನ ಒಂದು ಕೋಣೆ ಎದುರಾಯಿತು. ಕೋಣೆಯ ತುಂಬ ಮರದ ಚೌಕಟ್ಟು. ಅದಕ್ಕೆ ಅಡ್ಡಾ ಎನ್ನುತ್ತಾರೆ. ಅಡ್ಡಾದ ಮೇಲೆ ತೆಳುವಾದ ರೇಷ್ಮೆ ಬಟ್ಟೆಯನ್ನು ನಾಲ್ಕೂ ಕಡೆಯಿಂದ ಬಿಗಿದು ಕಟ್ಟಿದ್ದರು. ಅದರ ಸುತ್ತ ನೆಲದ ಮೇಲೆ ಮಂಡಿ ಮಡಚಿ ಕೂತ ಗಂಡಸರು. ಬಲಗೈ ಬಟ್ಟೆಯ ಮೇಲೆ, ಎಡಗೈ ಬಟ್ಟೆಯ ಕೆಳಗೆ. ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಆರಿ ಸೂಜಿ ಮೇಲಿನಿಂದ ಇಳಿದು, ಕೆಳಗಿನ ಕೈ ಒಡ್ಡಿದ ದಾರವನ್ನು ಕಚ್ಚಿಕೊಂಡು ಮೇಲೆ ಬರುತ್ತದೆ. ಪ್ರತಿ ಸಲ ಒಂದು ಮಣಿ, ಒಂದು ಟಿಕ್ಕಿ ಬಟ್ಟೆಗೆ ಕೂರುತ್ತದೆ. ಕೆಳಗಿನ ಕೈ ಏನು ಮಾಡುತ್ತಿದೆ ಎಂಬುದು ಕೆಲಸಗಾರನಿಗೂ ಕಾಣುವುದಿಲ್ಲ. ಅವನ ಬೆರಳಿಗೆ ಅದು ಗೊತ್ತು.

ಮೂಲೆಯಲ್ಲಿ ಒಬ್ಬ ಹುಡುಗ ಖಾಕಾ ಹಾಕುತ್ತಿದ್ದ. ತೆಳು ಕಾಗದದ ಮೇಲೆ ಬರೆದ ನಕ್ಷೆಯ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಕಾಗದವನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಬಟ್ಟೆಯ ಉಂಡೆಯಿಂದ ಉಜ್ಜಿದಾಗ ನಕ್ಷೆ ಚುಕ್ಕಿ ಚುಕ್ಕಿಯಾಗಿ ಕೆಳಗೆ ಇಳಿಯುತ್ತದೆ. ಅವನು ಇಳಿಸುತ್ತಿದ್ದದ್ದು ಒಂದು ತೋಳಿನ ನಕ್ಷೆ. ಪೂರ್ತಿ ಉಡುಪು ಇಲ್ಲಿಗೆ ಬರುವುದೇ ಇಲ್ಲ. ತೋಳು ಒಂದು ಕಡೆ, ಎದೆಯ ಭಾಗ ಇನ್ನೊಂದು ಕಡೆ ಕಸೂತಿಯಾಗಿ, ಎಲ್ಲ ಸೇರಿ ಎಲ್ಲೋ ಹೊಲಿಗೆಯಾಗುತ್ತದೆ. ಯಾವ ಕಂಪನಿಗೆ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಠೇಕೇದಾರನಿಗೆ ಸೇಠ್ ಗೊತ್ತು, ಸೇಠ್‌ಗೆ ಎಕ್ಸ್‌ಪೋರ್ಟ್ ಹೌಸ್ ಗೊತ್ತು, ಅಲ್ಲಿಂದ ಮುಂದಿನದು ಈ ಕೋಣೆಗೆ ಇಳಿದು ಬರುವುದಿಲ್ಲ.

ನನ್ನೊಡನೆ ಮಾತಾಡಿದವನು ಬಿಹಾರದ ಮಧುಬನಿ ಕಡೆಯವನು, ನಲವತ್ತರ ಆಸುಪಾಸು. ಇಲ್ಲಿ ಕೂಲಿಯನ್ನು ನಫ್ರಿಯ ಲೆಕ್ಕದಲ್ಲಿ ಎಣಿಸುತ್ತಾರೆ. ಎಂಟು ಗಂಟೆ ಕೂತರೆ ಒಂದು ನಫ್ರಿ. ಆರ್ಡರಿನ ಗಡುವು ಹತ್ತಿರವಾದಾಗ ನಡುರಾತ್ರಿ ದಾಟುವವರೆಗೂ ಕೂತು ಒಂದೇ ದಿನದಲ್ಲಿ ಎರಡು ನಫ್ರಿ ಮಾಡುವುದುಂಟು. ಮಲಗುವುದು ಅದೇ ಕೋಣೆಯಲ್ಲಿ, ಅಡ್ಡಾ ಎತ್ತಿಟ್ಟ ನೆಲದ ಮೇಲೆ. ಊರು ಬಿಡುವಾಗ ಮನೆಯ ಖರ್ಚಿಗೆಂದು ಪೇಶ್ಗಿ, ಅಂದರೆ ಮುಂಗಡ, ಕೈಗೆ ಬಂದಿರುತ್ತದೆ. ಇಲ್ಲಿ ವಾರಕ್ಕೊಮ್ಮೆ ಸಿಗುವುದು ಖರ್ಚಿ: ಚಹಾ, ಸಾಬೂನು, ಮೊಬೈಲ್ ರೀಚಾರ್ಜಿಗೆ ಸಾಲುವಷ್ಟು. ಪೂರ್ತಿ ಹಿಸಾಬ್ ಆಗುವುದು ಈದ್‌ಗೆ ಊರಿಗೆ ಹೊರಡುವಾಗ. ಎಷ್ಟು ನಫ್ರಿ ಆಯಿತು, ಎಷ್ಟು ಖರ್ಚಿ ಹೋಯಿತು, ಪೇಶ್ಗಿಯಲ್ಲಿ ಎಷ್ಟು ಮುರಿಯಿತು ಎಂಬುದೆಲ್ಲ ಠೇಕೇದಾರನ ನೋಟ್‌ಬುಕ್ಕಿನಲ್ಲಿ ಇರುತ್ತದೆ.

"ಇಷ್ಟ ಬಂದಾಗ ಬಿಟ್ಟು ಹೋಗಬಹುದೇ?" ಎಂದು ಕೇಳಿದೆ.

ಅವನು ಸೂಜಿ ನಿಲ್ಲಿಸಲಿಲ್ಲ. "ಹೋಗಬಹುದು ಭಾಯ್‌ಸಾಬ್, ಬಾಗಿಲು ಯಾರೂ ಹಾಕಿಲ್ಲ. ಹಿಸಾಬ್ ಆಗದೆ ಹೋದರೆ ಮಾಡಿದ ಕೆಲಸದ ದುಡ್ಡು ಇಲ್ಲೇ ಉಳಿಯುತ್ತದೆ. ಅದನ್ನು ಬಿಟ್ಟು ಯಾರು ಹೋಗುತ್ತಾರೆ?"

ಕೆಳಗಿಳಿದು ಬಂದ ಮೇಲೂ ಈ ಮಾತು ನನ್ನನ್ನು ಬಿಡಲಿಲ್ಲ. ಬಲವಂತದ ದುಡಿಮೆ ಎಂದೊಡನೆ ಬೀಗ, ಸರಪಳಿ, ಕಾವಲುಗಾರ ನಮ್ಮ ಕಣ್ಣ ಮುಂದೆ ಬರುತ್ತಾರೆ. ಅಂಥ ಕ್ರೌರ್ಯವನ್ನೂ ಈ ನಗರ ಕಂಡಿದೆ. 2005ರಲ್ಲಿ ಗೋವಂಡಿಯ ಜರಿ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಬಾಲಕ ಸತ್ತ ಮೇಲೆ ಸರ್ಕಾರ ಎಚ್ಚೆತ್ತು ಸಾಲು ಸಾಲು ದಾಳಿ ನಡೆಸಿತು. ಬಿಹಾರ, ಉತ್ತರ ಪ್ರದೇಶಗಳಿಂದ ಬಂದಿದ್ದ ನೂರಾರು ಹುಡುಗರನ್ನು ಬಿಡಿಸಿ ಊರಿಗೆ ಕಳಿಸಲಾಯಿತು. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯನ್ನು ಗುರುತಿಸಲು ಕೊಟ್ಟಿರುವ 11 ಲಕ್ಷಣಗಳಲ್ಲಿ ಕೂಡಿಹಾಕುವುದು ಹೇಗೋ ಹಾಗೆಯೇ ಕೂಲಿ ತಡೆಹಿಡಿಯುವುದೂ ಸೇರಿದೆ, ಸಾಲದಲ್ಲಿ ಸಿಕ್ಕಿಸುವುದೂ ಮಿತಿಮೀರಿ ದುಡಿಸುವುದೂ ಸೇರಿವೆ. ಒಂದು ಲಕ್ಷಣ ಕಂಡ ಮಾತ್ರಕ್ಕೆ ತೀರ್ಪು ಕೊಡಲಾಗದು, ನಿಜ. ತಡೆಹಿಡಿದ ಕೂಲಿ, ತೀರದ ಮುಂಗಡ, ಮಲಗುವ ಜಾಗವೂ ಕೆಲಸ ಕೊಟ್ಟವನದೇ ಎಂಬ ಸ್ಥಿತಿ ಒಂದೇ ಕೋಣೆಯಲ್ಲಿ ಸೇರಿದಾಗ ಬೀಗದ ಅಗತ್ಯವೇ ಬೀಳುವುದಿಲ್ಲ.

ಇದೇ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿದ್ದರು. ಅಮೆರಿಕದ ಕಾರ್ಮಿಕ ಇಲಾಖೆ ಬಾಲಕಾರ್ಮಿಕರಿಂದ ಅಥವಾ ಬಲವಂತದಿಂದ ತಯಾರಾಗುವ ಸರಕುಗಳ ಪಟ್ಟಿ ಪ್ರಕಟಿಸುತ್ತ ಬಂದಿದೆ. ಅದರಲ್ಲಿ ಭಾರತದ ಹೆಸರಿನ ಎದುರು ಇಟ್ಟಿಗೆ, ರತ್ನಗಂಬಳಿ, ಸಿದ್ಧ ಉಡುಪುಗಳ ಜತೆಗೆ ಜರಿ ಮಣಿ ಕೂರಿಸಿದ ಕಸೂತಿ ಬಟ್ಟೆಯೂ ಇದೆ.

ಕಂಪನಿಗಳು ಕೈಕಟ್ಟಿ ಕೂತಿದ್ದವು ಎನ್ನಲಾಗದು. 2016ರಲ್ಲಿ ಕೆರಿಂಗ್, ಎಲ್‌ವಿಎಂಎಚ್ ಮೊದಲಾದ ಫ್ಯಾಷನ್ ಉದ್ಯಮದ ದೊಡ್ಡವರು ಮುಂಬೈಯ ಎಕ್ಸ್‌ಪೋರ್ಟ್ ಹೌಸ್‌ಗಳ ಜತೆ 'ಉತ್ಥಾನ್' ಎಂಬ ಒಪ್ಪಂದ ಮಾಡಿಕೊಂಡರು. ಕಸೂತಿ ಕಾರ್ಖಾನೆಗಳ ಬೆಳಕು, ಗಾಳಿ, ಬೆಂಕಿಯಿಂದ ರಕ್ಷಣೆ, ಕೂಲಿ ಸುಧಾರಿಸಬೇಕೆಂಬುದು ಅದರ ಉದ್ದೇಶ. ನಾಲ್ಕು ವರ್ಷಗಳ ನಂತರ, 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮುಂಬೈಯ ಇಂಥ ಕೋಣೆಗಳಿಂದ ವರದಿ ಮಾಡಿದಾಗ, ಉಪಗುತ್ತಿಗೆಯ ಕೆಲಸಗಾರರಲ್ಲಿ ಅನೇಕರು ಇನ್ನೂ ಯಾವ ಸೌಲಭ್ಯವೂ ಇಲ್ಲದೆ ಇಕ್ಕಟ್ಟಿನ ಜಾಗದಲ್ಲೇ ಇದ್ದರು. ತಪಾಸಣೆಯವರು ಎಕ್ಸ್‌ಪೋರ್ಟ್ ಹೌಸಿನ ಬಾಗಿಲವರೆಗೆ ಬರುತ್ತಾರೆ. ಆರ್ಡರು ಮಾತ್ರ ಅಲ್ಲಿಂದಲೂ ಕೆಳಗೆ, ಹೆಸರು ನೋಂದಾಯಿಸದ ಗಲ್ಲಿಗಳಿಗೆ ಇಳಿಯುತ್ತದೆ.

ಅಂದು ರಾತ್ರಿ ಮಾಟುಂಗದ ಮನೆಯಲ್ಲಿ ಊಟದ ನಂತರ ಹಿರಿಯರೊಬ್ಬರ ಹತ್ತಿರ ಈ ಹಿಸಾಬಿನ ಮಾತು ತೆಗೆದೆ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಿ, ಅದೇ ಮೇಜಿನ ಮೇಲೆ ಮಲಗಿ, ಕನ್ನಡದ ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕು ಸೇರಿದವರು ಅವರು. ಮುಂಬೈ ಕನ್ನಡಿಗರ ಚರಿತ್ರೆಯಲ್ಲಿ ಆ ರಾತ್ರಿಶಾಲೆಗಳ ಪಾತ್ರ ದೊಡ್ಡದು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಸಂಸ್ಥೆಗಳು ಹಗಲೆಲ್ಲ ದುಡಿದು ಬಂದ ಮಕ್ಕಳಿಗೆ ರಾತ್ರಿ ಅಕ್ಷರ ಕಲಿಸಿದವು. ಆ ಸಾಧನೆಯ ಕಥೆಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೂ ಸಂಬಳ ತಿಂಗಳು ತಿಂಗಳು ಕೈಗೆ ಕೊಡ್ತಿರ್ಲಿಲ್ಲ ಮಾರಾಯ್ರೆ. ಊರಿಗೆ ಹೋಗುವಾಗ ಲೆಕ್ಕ ಮಾಡ್ತಿದ್ರು. ನನ್ನ ಧಣಿ ಒಳ್ಳೆಯವರು, ಶಾಲೆಗೆ ಬಿಟ್ರು. ಒಳ್ಳೆ ಧಣಿ ಸಿಗದ ಹುಡುಗರೂ ಇದ್ರಲ್ಲ, ಅವರ ಕಥೆ ಯಾರೂ ಬರೀಲಿಲ್ಲ" ಎಂದರು.

ಧಣಿ ಒಳ್ಳೆಯವನಾದರೆ ಬದುಕು, ಇಲ್ಲವಾದರೆ ಇಲ್ಲ. ಒಬ್ಬನ ಸ್ವಾತಂತ್ರ್ಯ ಇನ್ನೊಬ್ಬನ ಒಳ್ಳೆಯತನದ ಮೇಲೆ ನಿಲ್ಲಬಾರದೆಂದೇ ಕಾನೂನು ಹುಟ್ಟಿದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಜೀತಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂತು. ಇವೆರಡಕ್ಕೂ ನಿಜವಾದ ಹಲ್ಲು ಮೂಡಿಸಿದ್ದು 1982ರ ಏಷ್ಯನ್ ಕ್ರೀಡಾಕೂಟದ ಮೊಕದ್ದಮೆ. ದೆಹಲಿಯಲ್ಲಿ ಕ್ರೀಡಾಂಗಣ ಕಟ್ಟುತ್ತಿದ್ದ ಕೂಲಿಗಳಿಗೆ ಆಗ ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ ಸಿಗಬೇಕಿತ್ತು. ಅವರನ್ನು ಕರೆತಂದ ಜಮಾದಾರರು ಅದರಲ್ಲಿ ಒಂದು ರೂಪಾಯಿ ಕಮಿಷನ್ ಮುರಿದುಕೊಳ್ಳುತ್ತಿದ್ದರು. ಪಿಯುಡಿಆರ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಇದನ್ನು ಸುಪ್ರೀಂ ಕೋರ್ಟಿನ ಮುಂದೆ ಒಯ್ದಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಯಾರೂ ಮನಸಾರೆ ದುಡಿಯುವುದಿಲ್ಲ, ಹಸಿವು ಮತ್ತು ಬಡತನ ಅವರನ್ನು ದೂಡುತ್ತದೆ, ಆ ದೂಡುವಿಕೆಯೂ ಬಲವಂತವೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಸಾರಿತು. ಕೂಲಿಯಲ್ಲಿ ಒಂದು ರೂಪಾಯಿ ಕಡಿಮೆಯಾದರೂ ಅದು 23ನೇ ವಿಧಿಯ ಉಲ್ಲಂಘನೆ.

ಅದೇ 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಹಿರಿಯರ ಜತೆ ಮಾತಾಡಿದ ಮರುದಿನ ನಾನು ಲೋವರ್ ಪರೇಲ್‌ನಲ್ಲಿ ಇಳಿದು ಗಿರಣಿಗಳಿದ್ದ ಬೀದಿಗಳಲ್ಲಿ ನಡೆದೆ. ಆ ಮುಷ್ಕರ ಗೆಲ್ಲಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಮಿಲ್ಲಿನ ಅಂಗಳದಲ್ಲಿ ಈಗ ದೊಡ್ಡ ಮಾಲ್ ಇದೆ. ಹಳೆಯ ಚಿಮಣಿಯ ಬುಡದ ಸುತ್ತ ಜಗತ್ತಿನ ಎಲ್ಲ ಬ್ರಾಂಡುಗಳ ಅಂಗಡಿಗಳು. ಇದೇ ನಗರದಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿ, ಕಾರ್ಮಿಕರಿಗೆ ಭಾನುವಾರದ ರಜೆ ಬೇಕೆಂದು ಹೋರಾಡಿ, 1890ರಲ್ಲಿ ಅದನ್ನು ಪಡೆದಿದ್ದರು. ಗಿರಣಿಯ ಗೇಟಿನಲ್ಲಿ ನಿಂತರೆ ಸಾವಿರಾರು ಕಾರ್ಮಿಕರು ಒಂದೇ ಕಡೆ ಸಿಗುತ್ತಿದ್ದ ಕಾಲವದು. ಈಗ ಬಟ್ಟೆಯ ಕೆಲಸ ಮದನಪುರದ ಅಟ್ಟಗಳಿಗೆ, ಧಾರಾವಿಯ ಕೋಣೆಗಳಿಗೆ, ಗೋವಂಡಿಯ ಗಲ್ಲಿಗಳಿಗೆ ಚೆದುರಿಹೋಗಿದೆ. ಹತ್ತು ಜನ ಇರುವ ಕೋಣೆಯಲ್ಲಿ ಸಂಘ ಕಟ್ಟುವವರು ಯಾರು? ಕಟ್ಟಿದರೂ ಯಾರ ಎದುರು ಬೇಡಿಕೆ ಇಡಬೇಕು?

ಮಧ್ಯಾಹ್ನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಹೋದೆ. 2023ರ ನವೆಂಬರಿನಲ್ಲಿ ತೆರೆದ ಜಿಯೋ ವರ್ಲ್ಡ್ ಪ್ಲಾಜಾದಲ್ಲಿ ಲೂಯಿ ವಿಟಾನ್, ಡಿಯೋರ್ ಮಳಿಗೆಗಳಿವೆ. ಗಾಜಿನಾಚೆ ಒಂದು ಮೇಲಂಗಿಯ ತೋಳಿನ ಮೇಲೆ ಮಣಿಗಳ ಬಳ್ಳಿ ಹರಿದಿತ್ತು. ಅದು ಯಾವ ಊರಲ್ಲಿ ಆದ ಕೆಲಸವೆಂದು ಹೇಳುವ ಗುರುತು ಏನೂ ಇರಲಿಲ್ಲ. ಅಲ್ಲಿಂದ ಮಿಠಿ ನದಿ ದಾಟಿದರೆ ಧಾರಾವಿ.

ಧಾರಾವಿಯಲ್ಲಿ ತೊಗಲು, ಮಡಕೆ, ಪ್ಲಾಸ್ಟಿಕ್, ಸಿದ್ಧ ಉಡುಪು ಎಲ್ಲವೂ ಪಕ್ಕಪಕ್ಕದಲ್ಲೇ ತಯಾರಾಗುತ್ತವೆ. ಒಂದು ಓಣಿಯಲ್ಲಿ ಕನ್ನಡದ ಮಾತು ಕೇಳಿ ನಿಂತೆ. ಬಾಗಿಲ ಮುಂದೆ ಕೂತ ಹೆಂಗಸಿನ ಎದುರು ಷರ್ಟುಗಳ ರಾಶಿ. ಕೈಯಲ್ಲಿ ಪುಟ್ಟ ಕಟ್ಟರ್. ಹೊಲಿಗೆಯ ತುದಿಯಲ್ಲಿ ಉಳಿದ ದಾರ ಕತ್ತರಿಸುವ ಕೆಲಸ, ಇಲ್ಲಿನವರ ಬಾಯಲ್ಲಿ ಧಾಗಾ ಕಟಿಂಗ್. ಕಲಬುರಗಿ ಜಿಲ್ಲೆಯವರು. 1972ರ ಬರದಲ್ಲಿ ಅತ್ತೆ ಮಾವ ಇಲ್ಲಿಗೆ ಬಂದರಂತೆ. ನನ್ನ ಊರು ಕೇಳಿದ ಮೇಲೆ ಮಾತು ಸಲೀಸಾಯಿತು. ಷರ್ಟಿನ ಒಳಮಗ್ಗುಲು ತಿರುಗಿಸಿ, ತೋಳಿನ ಸಂದು, ಗುಂಡಿಯ ಕಾಜಾ, ಕಾಲರಿನ ತುದಿ ಹೀಗೆ ಒಂದೇ ಕ್ರಮದಲ್ಲಿ ಬೆರಳು ಓಡಿಸುತ್ತ, ದಾರ ಸಿಕ್ಕಲ್ಲಿ ಕತ್ತರಿಸುತ್ತ ಹೇಳಿದರು:

"ಪೀಸಿನ ಲೆಕ್ಕ ಅದರಿ ಅಣ್ಣಾರ. ದಿನಾ ಪೂರಾ ಕೂತ್ರೂ ಒಂದಾಳಿನ ಕೂಲಿ ಹುಟ್ಟಂಗಿಲ್ಲ. ಒಂದ್ ದಾರ ಉಳದ್ರ ಪೀಸ್ ವಾಪಸ್ ಬರ್ತದ, ಅದರ ರೊಕ್ಕ ಕಟ್."

"ಬೇಡ ಅಂದ್ರ?"

"ಬ್ಯಾಡ ಅಂದ್ರ ಬಾಜು ಮನಿಯಾಕಿ ತಗೋತಾಳ್ರಿ. ಹೋದ ತಿಂಗಳ ರೊಕ್ಕಾನೂ ಅವನ ಹಂತ್ಯಾಕ ಅದ. ಬ್ಯಾಡ ಅನ್ನಾಕ ಬರ್ತದೇನ್ರಿ?"

ಮಧುಬನಿಯವನೂ ಕಲಬುರಗಿಯ ಅಕ್ಕನೂ ಒಬ್ಬರನ್ನೊಬ್ಬರು ಕಂಡವರಲ್ಲ. ಹೇಳಿದ್ದು ಮಾತ್ರ ಒಂದೇ ಸಂಗತಿ: ದುಡಿದ ದುಡ್ಡು ಇನ್ನೊಬ್ಬನ ಕೈಯಲ್ಲಿ ಇರುವುದರಿಂದ ಬೇಡ ಎನ್ನುವ ಬಾಯಿ ಕಟ್ಟಿಹೋಗಿದೆ. ಮನೆಯಲ್ಲಿ ಕೂತು ಮಾಡುವ ಕೆಲಸಗಾರರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಡಂಬಡಿಕೆ ರೂಪಿಸಿದೆ. ಭಾರತ ಇನ್ನೂ ಅದನ್ನು ಅಂಗೀಕರಿಸಿಲ್ಲ.

ಇದು ಬಡ ದೇಶದ ಓಣಿಗಳ ಕಾಯಿಲೆ ಎಂದು ಯಾರೂ ಭಾವಿಸಬೇಕಾಗಿಲ್ಲ. 2024ರಲ್ಲಿ ಇಟಲಿಯ ಮಿಲಾನ್ ನ್ಯಾಯಾಲಯ ಅರ್ಮಾನಿಯ ಒಂದು ಘಟಕವನ್ನೂ ಡಿಯೋರ್‌ನ ಇಟಲಿ ಘಟಕವನ್ನೂ ನ್ಯಾಯಾಂಗದ ಉಸ್ತುವಾರಿಯಲ್ಲಿ ಇರಿಸಿತು. ಕಾರಣ, ಅವುಗಳಿಗೆ ಕೈಚೀಲ ಹೊಲಿದುಕೊಡುತ್ತಿದ್ದ ಉಪಗುತ್ತಿಗೆಯ ಕಾರ್ಯಾಗಾರಗಳಲ್ಲಿ ವಲಸಿಗರ ಶೋಷಣೆ ನಡೆದಿತ್ತು, ಕೆಲವರು ಅಲ್ಲೇ ಮಲಗುತ್ತಿದ್ದರು. ಅಂಗಡಿಯಲ್ಲಿ ಸುಮಾರು 2,600 ಯೂರೋಗೆ ಮಾರುವ ಡಿಯೋರ್ ಕೈಚೀಲಕ್ಕೆ ಗುತ್ತಿಗೆದಾರನಿಗೆ ಸಂದದ್ದು 53 ಯೂರೋ ಎಂಬುದು ಆ ದಾಖಲೆಗಳಿಂದ ಹೊರಬಂತು. ಕಂಪನಿಗಳು ತಮ್ಮ ಮೇಲ್ವಿಚಾರಣೆ ಸರಿಪಡಿಸಿಕೊಂಡ ಮೇಲೆ 2025ರ ಫೆಬ್ರುವರಿಯಲ್ಲಿ ಉಸ್ತುವಾರಿ ಕೊನೆಗೊಂಡಿತು. ಮಿಲಾನಿನ ನ್ಯಾಯಾಧೀಶರು ಅಪ್ಪಣೆ ಕೊಟ್ಟದ್ದು ಕಾರ್ಯಾಗಾರದ ಯಜಮಾನನಿಗೆ ಮಾತ್ರವಾಗಿರಲಿಲ್ಲ, ಆರ್ಡರು ಕೊಟ್ಟ ಕಂಪನಿಗೇ ಆಗಿತ್ತು. ಬದಲಾವಣೆ ಬೇಗ ಬಂದದ್ದು ಅದರಿಂದ ಎಂದು ನಾನು ನಂಬುತ್ತೇನೆ.

ನಮ್ಮಲ್ಲಿ ಆ ತತ್ವ ಹೊಸದೇನೂ ಅಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಆದರೆ ಆ ಹೊಣೆ ಸಮುದ್ರ ದಾಟಲಿಲ್ಲ. ನವಾ ಶೇವಾದ ಬಂದರಿನಲ್ಲಿ ಕಂಟೇನರು ಹಡಗು ಹತ್ತಿದೊಡನೆ ಪ್ಯಾರಿಸ್ಸಿನ, ನ್ಯೂಯಾರ್ಕಿನ ಕಂಪನಿ ನಮ್ಮ ಕಾನೂನಿನ ಲೆಕ್ಕದಲ್ಲಿ ಬರೀ ಗಿರಾಕಿ.

ಕರ್ನಾಟಕದ ಓದುಗರಿಗೆ ಇದು ದೂರದ ಮಾತಲ್ಲ. 2020ರ ಏಪ್ರಿಲಿನಿಂದ ನಮ್ಮ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕಾರ್ಖಾನೆಗಳು ಕೊಡಲಿಲ್ಲ. ಕೊಡಲೇಬೇಕೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಹೇಳಿದ ಮೇಲೂ ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ, ಬಹುಪಾಲು ಹೆಣ್ಣುಮಕ್ಕಳ, ಕೂಲಿಯಿಂದ ತಿಂಗಳು ತಿಂಗಳೂ ಆ ಹಣ ಕಳೆಯುತ್ತ ಹೋಯಿತು. ಅವರು ಹೊಲಿಯುತ್ತಿದ್ದದ್ದು ಜಗತ್ತಿನ ಹೆಸರಾಂತ ಬ್ರಾಂಡುಗಳ ಬಟ್ಟೆ. ಕಾರ್ಮಿಕ ಸಂಘಗಳು ಹಟ ಹಿಡಿದವು. ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಅಮೆರಿಕದ ಸಂಸ್ಥೆ ಕೊಳ್ಳುವ ಕಂಪನಿಗಳ ಹೆಸರು ಹಿಡಿದು ಪ್ರಶ್ನಿಸಿತು. 2022ರ ಆರಂಭದ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ದೆಹಲಿಯ ಜಮಾದಾರ ಮುರಿದ ಒಂದು ರೂಪಾಯಿ ಸಂವಿಧಾನದ ಪ್ರಶ್ನೆಯಾದರೆ ಬೆಂಗಳೂರಿನ 417 ರೂಪಾಯಿಯೂ ಅದೇ ಪ್ರಶ್ನೆ.

ಮುಂಬೈ ಬಿಡುವ ಮುನ್ನ ಮದನಪುರದವನ ಹತ್ತಿರ ಇನ್ನೊಂದು ಸಲ ಹೋಗಿದ್ದೆ. ಇಂಥ ಕಂಪನಿಗಳ ಬಟ್ಟೆ ಕೊಳ್ಳಬಾರದು ಎನ್ನುವ ಜನರಿದ್ದಾರೆ ಎಂದೆ. "ಆರ್ಡರು ನಿಂತರೆ ಮೊದಲು ಊರಿಗೆ ಹೋಗುವವನು ನಾನು. ಕೆಲಸ ಬೇಡ ಅಂತ ನಾವು ಹೇಳಿಲ್ಲ ಭಾಯ್‌ಸಾಬ್, ಹಿಸಾಬ್ ಬೇಕು ಅಂತ ಹೇಳಿದ್ದೇವೆ" ಎಂದ. ಬಲವಂತದ ದುಡಿಮೆಯಿಂದ ಬಂದ ಸರಕನ್ನು ತನ್ನ ಮಾರುಕಟ್ಟೆಗೆ ಬಿಡುವುದಿಲ್ಲವೆಂಬ ಯುರೋಪಿನ ಒಕ್ಕೂಟದ ನಿಯಮ 2027ರ ಡಿಸೆಂಬರ್ 14ರಿಂದ ಜಾರಿಗೆ ಬರಲಿದೆ. ಒಳ್ಳೆಯದೇ. ಆದರೆ ಕಂಪನಿಗಳು ಆ ನಿಯಮಕ್ಕೆ ಹೆದರಿ ಮುಂಬೈಯನ್ನು ಬಿಟ್ಟು ಇನ್ನೊಂದು ದೇಶದ ಇನ್ನೊಂದು ಗಲ್ಲಿಗೆ ಹೋದರೆ ಇಲ್ಲಿನವನಿಗೆ ಸಿಗುವುದು ಹಸಿವು, ಅಲ್ಲಿನವನಿಗೆ ಅದೇ ಪೇಶ್ಗಿ.

ಹಾಗಾಗಿ ಕೇಳಬೇಕಾದದ್ದು ಅವನು ಕೇಳಿದ್ದನ್ನೇ. ಕಂಪನಿಗಳು ಎಕ್ಸ್‌ಪೋರ್ಟ್ ಹೌಸಿನ ಹೆಸರಿನಲ್ಲಿ ನಿಲ್ಲಿಸದೆ ಕೊನೆಯ ಕೋಣೆಯವರೆಗಿನ ಪಟ್ಟಿ ಪ್ರಕಟಿಸಲಿ. ಕನಿಷ್ಠ ಕೂಲಿ ಕೊಟ್ಟ ಮೇಲೂ ಗುತ್ತಿಗೆದಾರನಿಗೆ ಉಳಿಯುವಂಥ ದರ ಕೊಡಲಿ. ನಫ್ರಿಯ ಲೆಕ್ಕ ಕೆಲಸಗಾರನ ಕೈಯಲ್ಲೇ ಇರಲಿ, ಕೂಲಿ ಹಬ್ಬಕ್ಕೆ ಕಾಯದೆ ವಾರ ವಾರ ಅವನ ಖಾತೆಗೆ ಬೀಳಲಿ. ಬೀಳದಿದ್ದರೆ ಠೇಕೇದಾರನನ್ನು ಹುಡುಕಿಕೊಂಡು ಅಲೆಯದೆ ಆರ್ಡರು ಕೊಟ್ಟ ಕಂಪನಿಯಿಂದಲೇ ವಸೂಲು ಮಾಡುವ ಕಾನೂನು ನಮ್ಮಲ್ಲಿ ಬರಲಿ. ನಾಳೆ ಬೆಳಿಗ್ಗೆ ಕೆಲಸ ಬೇಡವೆನಿಸಿದವನು ಇಂದಿನವರೆಗಿನ ಕೂಲಿ ಪೂರ್ತಿ ಎಣಿಸಿಕೊಂಡು ಹೊರಡುವಂತಾದಾಗ ಮಾತ್ರ ಅವನು ಇಷ್ಟಪಟ್ಟು ದುಡಿಯುತ್ತಿದ್ದಾನೆ ಎಂದು ಹೇಳುವ ಅಧಿಕಾರ ನಮಗೆ ಬರುತ್ತದೆ.